ಪೀಠ ಖಾಲಿ ಉಳಿದ ವರ್ಷ

ಬೆಳಗಿನಿಂದ ಇಥೆಲ್ ಪ್ಯೂಗೆ ತನ್ನ ಕೈಗಳನ್ನು ಎಲ್ಲಿಡಬೇಕೆಂದೇ ತೋಚುತ್ತಿರಲಿಲ್ಲ. ಗಡ್ಡ ಹೆರೆಯುವಾಗ ಅವು ನಡುಗಿರಲಿಲ್ಲ, ಬ್ರೆಡ್ಡಿಗೆ ಬೆಣ್ಣೆ ಸವರುವಾಗಲೂ ನಡುಗಿರಲಿಲ್ಲ. ಆದರೆ ಕೆಲಸವಿಲ್ಲದೆ ತೊಡೆಯ ಮೇಲೆ ಬಂದು ಬಿದ್ದ ಕೂಡಲೇ ಬೇರೆ ಯಾರೋ ಮರೆತು ಬಿಟ್ಟುಹೋದ ಕೈಗಳಂತೆ ಕಾಣುತ್ತಿದ್ದವು. ಅವನು ಕೂತಿದ್ದದ್ದು ಕವಿಪೀಠದ ಮೇಲೆ. ಮೂವತ್ತು ವರ್ಷದ ಹಿಂದೆ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಕಣಿವೆಯ ಉತ್ಸವದ ಪದ್ಯಸ್ಪರ್ಧೆಯಲ್ಲಿ ಗೆದ್ದ ಪೀಠ. ಬೆನ್ನಿಗೆ ಕೆತ್ತನೆಯ ರೆಕ್ಕೆಸರ್ಪ, ಅದರ ಕೆಳಗೆ ಇಸವಿ. ಮನೆಗೆ ಬಂದವರು ಇದೇನಾ ಅದು ಎಂದು ಕೇಳಿ, ಕೈ ಸವರಿ, ಒಮ್ಮೆ ಕೂತು ನೋಡಿ ಏಳುತ್ತಿದ್ದರು. ಯಾವ ಪದ್ಯಕ್ಕೆ ಸಿಕ್ಕಿತೆಂದು ಈವರೆಗೆ ಒಬ್ಬರೂ ಕೇಳಿರಲಿಲ್ಲ. ಇಥೆಲ್‌ಗೆ ಆ ಪದ್ಯ ಪೂರ್ತಿ ಬಾಯಿಪಾಠವಿತ್ತು. ಛಂದಸ್ಸಿನಲ್ಲಿ ಒಂದು ಕಡೆಯೂ ತಪ್ಪಿಲ್ಲ, ಪ್ರಾಸ ಎಲ್ಲೂ ಎಡವಿಲ್ಲ. ಅದರ ಬಗ್ಗೆ ಹೇಳಬಹುದಾದದ್ದು ಅಷ್ಟೇ ಎಂದು ಅವನಿಗೆ ತಿಳಿದು ಬಹಳ ಕಾಲವಾಗಿತ್ತು. ನಿನ್ನೆ ಸಮಿತಿಯವರ ಕಾಗದ ಬಂದಿತ್ತು. ವೆಲ್ಷ್ ನಾಡಿನಿಂದ ಹಡಗಿನಲ್ಲಿ ಬಂದ ಹಿರಿಯರು ಸ್ಪ್ಯಾನಿಷ್ ಮಾತಿನ ಈ ನೆಲದಲ್ಲಿ ಕಾಲಿಟ್ಟು ನೂರು ವರ್ಷ ತುಂಬಿದ ನೆನಪಿಗೆ, ನಿಂತುಹೋಗಿದ್ದ ಉತ್ಸವವನ್ನು ಮತ್ತೆ ನಡೆಸುತ್ತಿದ್ದೇವೆ, ಹಳೆಯ ನಾಡಿನಿಂದಲೂ ಅತಿಥಿಗಳು ಬರುತ್ತಾರೆ, ಪೀಠದ ಪದ್ಯಕ್ಕೆ ತಾವೇ ತೀರ್ಪುಗಾರರಾಗಬೇಕು, ತಮ್ಮಷ್ಟು ಶುದ್ಧವಾದ ವೆಲ್ಷ್ ಬಲ್ಲವರು ಕಣಿವೆಯಲ್ಲಿ ಇನ್ನಾರೂ ಉಳಿದಿಲ್ಲ. ಕಾಗದ ತಂದವನ ಎದುರಿಗೇ ಅವನು ಆಗಲಿ ಎಂದುಬಿಟ್ಟಿದ್ದ. ಹೇಳಿದ ಮೇಲೆ ಕಾಗದವನ್ನು ಮತ್ತೊಮ್ಮೆ ಓದಿದ್ದ. 'ಶುದ್ಧ' ಎಂಬಲ್ಲಿ ಕಣ್ಣು ನಿಂತಿತ್ತು. ಆಮೇಲೆ ಟ್ರಂಕಿನ ತಳದಿಂದ ನಾಲ್ಕು ಹಾಳೆ ತೆಗೆದು ಕೋಟಿನ ಒಳಜೇಬಿಗೆ ಹಾಕಿಕೊಂಡಿದ್ದ. ಈಗ ಎದ್ದು, ಸೈಕಲ್ಲನ್ನು ಗೋಡೆಯಿಂದ ಬಿಡಿಸಿಕೊಂಡು, ಜೊತೆಯಲ್ಲಿ ಶಾಲೆಗೆ ಹೋದ ಕಾದ್ವಾನ್ ಜೆಂಕಿನ್ಸನ ಹೊಲದ ಕಡೆಗೆ ಹೊರಟ.

ಗಾಳಿ ಎದುರಿನಿಂದಲೇ ಇತ್ತು. ಈ ಕಣಿವೆಯಲ್ಲಿ ಹೋಗುವಾಗಲೂ ಬರುವಾಗಲೂ ಗಾಳಿ ಎದುರಿನಿಂದಲೇ ಬೀಸುತ್ತದೆ ಎಂದು ಅವನ ಅಪ್ಪ ಹೇಳುತ್ತಿದ್ದ. ಗೈಮನ್ ಊರಿನ ಸೇತುವೆಯ ಹತ್ತಿರ ಚೈನು ಕಳಚಿತು. ಬಗ್ಗಿ ಅದನ್ನು ಕೂರಿಸುತ್ತಿದ್ದಾಗ ಅಂಗಡಿಯ ಹೊರಗೆ ಪೆಟ್ಟಿಗೆ ಜೋಡಿಸುತ್ತಿದ್ದ ಯುವಕನೊಬ್ಬ ಬಂದು, ತಾತ, ನಾನು ಹಾಕಿಕೊಡುತ್ತೇನೆ ಎಂದು ಸ್ಪ್ಯಾನಿಷಿನಲ್ಲಿ ಹೇಳಿ ಕ್ಷಣದಲ್ಲಿ ಹಾಕಿಕೊಟ್ಟ. ಇಥೆಲ್ ಎಂದಿನಂತೆ ವೆಲ್ಷಿನಲ್ಲಿ ಕೃತಜ್ಞತೆ ಹೇಳಿದ. ಹುಡುಗ ನಕ್ಕ. ಅವನ ಅಜ್ಜ ಊರಿನ ಪ್ರಾರ್ಥನಾಮಂದಿರದಲ್ಲಿ, ಚಾಪೆಲಿನ ಮೊದಲ ಸಾಲಿನಲ್ಲಿ ಕೂತು ಹಾಡುತ್ತಿದ್ದವನು. ಮೊಮ್ಮಗನ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಹಳೆಯ ಗಡಿಯಾರ ಗಂಟೆ ಹೊಡೆದರೆ ನಗುವ ಹಾಗೆ ನಕ್ಕಿದ್ದ. ಸೈಕಲ್ ತುಳಿಯುತ್ತ ಇಥೆಲ್ ಇದಕ್ಕೆಲ್ಲ ಯಾರು ಹೊಣೆ ಎಂದು ಮನಸ್ಸಿನಲ್ಲೇ ಪಟ್ಟಿಮಾಡತೊಡಗಿದ. ಎಷ್ಟೋ ವರ್ಷದಿಂದ ಮಾಡುತ್ತಿದ್ದ ಪಟ್ಟಿ: ಶಾಲೆ, ರೇಡಿಯೋ, ರಾಜಧಾನಿ, ರೈಲು, ಬೇರೆಯವರನ್ನು ಮದುವೆಯಾದವರು, ಸೋಮಾರಿ ತಾಯಂದಿರು. ಇಂದು ಆ ಪಟ್ಟಿ 'ತಾಯಂದಿರು' ಎಂಬಲ್ಲಿಗೆ ಬಂದು ನಿಂತಿತು, ಮುಂದೆ ಹೋಗಲೊಲ್ಲದು. ರಸ್ತೆಯ ಪಕ್ಕದ ಪಾಪ್ಲರ್ ಮರಗಳು ಇನ್ನೂ ಚಿಗುರಿರಲಿಲ್ಲ. ಬೋಳು ಕೊಂಬೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

ಇಪ್ಪತ್ತೆಂಟು ವರ್ಷದ ಹಿಂದೆ ಪೀಠದ ಪದ್ಯಕ್ಕೆ ಇಥೆಲ್ ತೀರ್ಪುಗಾರನಾಗಿದ್ದ ವರ್ಷ, ಕೊಟ್ಟ ವಿಷಯ 'ಕಾಲುವೆ'. ಏಳು ಪದ್ಯ ಬಂದಿದ್ದವು. ಜೊತೆಯ ತೀರ್ಪುಗಾರರು ಒಬ್ಬ ಮುದಿ ಪಾದ್ರಿ; ಕಣ್ಣು ಮಂಜಾಗಿ, ನೀನು ಏನು ಹೇಳುತ್ತೀಯೋ ಅದಕ್ಕೇ ನನ್ನ ಸಹಿ ಎಂದಿದ್ದರು. ಇಥೆಲ್ ಮೇಜಿನ ಮೇಲೆ ಪೆನ್ಸಿಲ್ ಹಿಡಿದು ಕೂತಿದ್ದ. ಆರು ಪದ್ಯಗಳಲ್ಲಿ ಬೈಬಲಿನ ಮೋಶೆ ಇದ್ದ, ಬಂಡೆ ಇತ್ತು, ಕೋಲಿನ ಏಟಿಗೆ ಚಿಮ್ಮಿದ ನೀರಿತ್ತು. ಏಳನೆಯದನ್ನು ಬರೆದವರು 'ಜೊಂಡು' ಎಂಬ ಕಾವ್ಯನಾಮದಲ್ಲಿದ್ದರು. ಅದರಲ್ಲಿ ಒಬ್ಬ ಹೆಂಗಸು ಕಿಟಕಿಯ ಹತ್ತಿರ ನಿಂತು ಚಳಿಗಾಲವಿಡೀ ಒಣಗಿದ್ದ ಕಾಲುವೆಗೆ ನೀರು ಬರುವುದನ್ನು ಕಾಯುತ್ತಾಳೆ, ಅಷ್ಟೇ. ನೀರು ಕಾಣುವ ಮೊದಲು ಕೇಳಿಸುತ್ತದೆ. ಬಿರುಕುಬಿಟ್ಟ ಮಣ್ಣು ನೀರನ್ನು ಎಳೆದುಕೊಳ್ಳುವ ಸದ್ದು ಹಸಿದ ಕೂಸು ಮೊಲೆಗೆ ಬಾಯಿಟ್ಟ ಮೊದಲ ಗುಟುಕಿನ ಸದ್ದಿನಂತಿದೆ ಎಂದು ಒಂದು ಕಡೆ ಬರುತ್ತದೆ. ಅಲ್ಲಿ ಇಥೆಲ್‌ನ ಮೈ ಜುಮ್ಮೆಂದಿತ್ತು. ಅಂಚಿನಲ್ಲಿ ಪೆನ್ಸಿಲಿನಿಂದ 'ಇದೇ' ಎಂದು ಬರೆದಿದ್ದ. ಬರೆದ ಮೇಲೆ ನೆನಪಾಗಿತ್ತು: ಹಿಂದಿನ ಸೆಪ್ಟೆಂಬರಿನಲ್ಲಿ ತೂಬಿನ ಹತ್ತಿರ ನಿಂತು, ಕೆಸರು ಮೆತ್ತಿದ ಬೂಟಿನ ಕಾದ್ವಾನ್ ಇದೇ ಮಾತು ಹೇಳಿದ್ದ. ಕೂಸು ಹಾಲು ಕುಡಿದ ಹಾಗಿದೆ ನೋಡೋ, ಎಂದಿದ್ದ. ಕಾದ್ವಾನ್! ಶಾಲೆಯಲ್ಲಿ ಹಿಂದಿನ ಬೆಂಚು, ಪ್ರಾರ್ಥನೆಯಲ್ಲಿ ನಿದ್ದೆ. ನೇಗಿಲು ಹೂಡುವುದೊಂದನ್ನು ಬಿಟ್ಟು ಬೇರೇನೂ ಕಲಿಯದೆ ಎಲ್ಲರಿಗೂ ಬೇಕಾಗಿದ್ದವನು. ಪುಸ್ತಕ ಓದದೆ, ಛಂದಸ್ಸು ಕಲಿಯದೆ, ಬೂಟಿನ ಕೆಸರನ್ನೂ ಒರೆಸಿಕೊಳ್ಳದೆ ಇವನು ಇಲ್ಲಿಗೆ ನಡೆದು ಬಂದುಬಿಟ್ಟನೇ ಎಂದು ಇಥೆಲ್‌ಗೆ ಸಹಿಸಲಾಗಿರಲಿಲ್ಲ. ನೆಸ್ಟಾ ಕಾದ್ವಾನನ ಹೆಂಡತಿಯಾಗಿ ಆಗ ಮೂರು ವರ್ಷ. ಅದಕ್ಕೆ ಮುಂಚೆ ಎರಡು ಚಳಿಗಾಲ, ಹಾಡಿನ ಅಭ್ಯಾಸ ಮುಗಿದ ಮೇಲೆ ಅವಳನ್ನು ಮನೆಯವರೆಗೆ ಬಿಟ್ಟುಬರುತ್ತಿದ್ದವನು ಇಥೆಲ್. ದಾರಿಯುದ್ದಕ್ಕೂ ಅವಳ ಮಾತು ತಿದ್ದುತ್ತಿದ್ದ. ವೆಲ್ಷಿನ ನಿಯಮದಂತೆ ಹಿಂದಿನ ಪದಕ್ಕೆ ತಕ್ಕಂತೆ ಮುಂದಿನ ಪದದ ಮೊದಲಕ್ಷರ ಬದಲಾಗಬೇಕಾದ ಕಡೆ ಅವಳು ಬದಲಿಸದೆ ಬಿಟ್ಟರೆ, ಸರಿಯಾದದ್ದನ್ನು ಮೆಲ್ಲಗೆ ಹೇಳುತ್ತಿದ್ದ. ಅದು ಪ್ರೀತಿಯೆಂದೇ ಅವನು ತಿಳಿದಿದ್ದ. ಅವಳು ಬರುಬರುತ್ತ ಮಾತಾಡುವುದನ್ನೇ ಕಡಿಮೆ ಮಾಡಿದ್ದಳು.

ತೀರ್ಪನ್ನು ಬರೆಯಲು ಒಂದೇ ಮಧ್ಯಾಹ್ನ ಸಾಕಾಗಿತ್ತು. ಜೊಂಡುವಿನ ಪದ್ಯದಲ್ಲಿ ಎರಡು ಕಡೆ ಪದದ ಮೊದಲಕ್ಷರ ಬದಲಾಗಿರಲಿಲ್ಲ, ಒಂದು ಕಡೆ ಸ್ಪ್ಯಾನಿಷ್ ಪದವೊಂದು ನುಸುಳಿತ್ತು. ಮೂರು ತಪ್ಪು, ಮೂರನ್ನೂ ಎತ್ತಿ ಹಿಡಿದು ಅವನು ಒಂದು ಕಟ್ಟಡವನ್ನೇ ಕಟ್ಟಿದ. ವೇದಿಕೆಯ ಮೇಲೆ ನಿಂತು ಓದುವಾಗ ತನ್ನ ದನಿ ತನಗೇ ಇಂಪಾಗಿ ಕೇಳಿಸಿದ್ದು ಇಂದಿಗೂ ನೆನಪಿದೆ. ಈ ವರ್ಷ ಪೀಠಕ್ಕೆ ಅರ್ಹರಾದವರು ಯಾರೂ ಇಲ್ಲ ಎಂದು ಅವನು ಮುಗಿಸಿದಾಗ ಕಹಳೆಯವನು ಕಹಳೆಯನ್ನು ಮಡಿಲಿಗೆ ಇಳಿಸಿಕೊಂಡಿದ್ದ. ಗೆದ್ದವರ ತಲೆಯ ಮೇಲೆ ಹಿಡಿಯುವ ಖಡ್ಗವನ್ನು ಒರೆಯಿಂದ ತೆಗೆಯಲೇ ಇಲ್ಲ. ಖಾಲಿ ಪೀಠವನ್ನು ಇಬ್ಬರು ಎತ್ತಿಕೊಂಡು ಹೋಗುವಾಗ ಜನ ಸಾವಿನ ಮನೆಯಲ್ಲಿ ಸರಿಯುವಂತೆ ಸರಿದು ದಾರಿ ಬಿಟ್ಟಿದ್ದರು. ನಿಜವಾದ ಹೆಸರುಗಳಿದ್ದ ಲಕೋಟೆಗಳನ್ನು ಬಿಚ್ಚದೆ ಒಲೆಗೆ ಹಾಕುವುದು ಪದ್ಧತಿ, ಹಾಕಿದರು. ಪದ್ಯಗಳನ್ನೂ ಹಾಕಬೇಕಿತ್ತು. ಒಂದನ್ನು ಇಥೆಲ್ ಮನೆಗೆ ತಂದಿದ್ದ.

ಇಷ್ಟೇ ಆಗಿದ್ದರೆ ಇಪ್ಪತ್ತೆಂಟು ವರ್ಷದಲ್ಲಿ ಸವೆದುಹೋಗುತ್ತಿತ್ತೋ ಏನೋ. ಕಾದ್ವಾನ್ ಒಂದು ದಿನವೂ ಮುಖ ಬಿಗಿದುಕೊಂಡಿರಲಿಲ್ಲ. ಕೊಯ್ಲಿಗೆ ಕರೆದರೆ ಬಂದಿದ್ದ, ಇಥೆಲ್‌ನ ಅವ್ವನ ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ. ಆ ಒಳ್ಳೆಯತನವೇ ಮುಳ್ಳಾಗಿ ಚುಚ್ಚುತ್ತಿತ್ತು. ಅದರ ಸೇಡಿಗೋ ಎಂಬಂತೆ ಒಂದು ಭಾನುವಾರ, ಚಾಪೆಲಿನ ಪಾಠಶಾಲೆಯಲ್ಲಿ ತಾನು ಕಲಿಸುತ್ತಿದ್ದ ದೊಡ್ಡವರ ತರಗತಿಯ ಎದುರು ನಿಂತು, ಕೆಲವು ಮನೆಗಳಲ್ಲಿ ಭಾಷೆಯನ್ನು ಒಡೆದ ಬಟ್ಟಲಿನಂತೆ ತಿಪ್ಪೆಗೆ ಎಸೆದಿದ್ದಾರೆ, ಅಪ್ಪ ಅಮ್ಮ ಇಬ್ಬರಿಗೂ ಬಂದರೂ ಮಕ್ಕಳ ಬಾಯಲ್ಲಿ ಒಂದು ಪದವಿಲ್ಲ ಎಂದು ಹೇಳಿದ್ದ. ಹೇಳುವಾಗ ಜೆಂಕಿನ್ಸ್ ಮನೆಯವರ ಬೆಂಚನ್ನೇ ನೋಡಿದ್ದ. ಕಾದ್ವಾನ್ ಕಿಟಕಿಯ ಆಚೆ ನೋಡುತ್ತಿದ್ದ. ನೆಸ್ಟಾ ತಲೆ ತಗ್ಗಿಸಿ ಕೈಗವಸನ್ನು ಬೆರಳು ಬೆರಳಾಗಿ ಕಳಚಿ, ಮತ್ತೆ ಬೆರಳು ಬೆರಳಾಗಿ ತೊಟ್ಟುಕೊಂಡಿದ್ದಳು. ಆಮೇಲೆ ಅವರ ನಾಲ್ಕು ಮಕ್ಕಳು ಪಾಠಶಾಲೆಗೆ ಬರುವುದು ನಿಂತಿತು.

ಕಾದ್ವಾನ್ ತೂಬಿನ ಹತ್ತಿರವೇ ಇದ್ದ. ಈ ವರ್ಷದ ನೀರು ಬಿಟ್ಟ ದಿನ. ಮೊಣಕಾಲಿನ ನೋವಿನಿಂದ ಅವನು ಗುದ್ದಲಿಯನ್ನೇ ಊರುಗೋಲು ಮಾಡಿಕೊಂಡಿದ್ದ. ಇಥೆಲ್‌ನನ್ನು ಕಂಡು, ಶುದ್ಧ ಭಾಷೆಯವರು ಕೆಸರಿಗೆ ಬಂದರಲ್ಲ, ಮಳೆ ಬಂದೀತು ಎಂದು ತಮಾಷೆ ಮಾಡಿದ. ಸಮಿತಿಯ ಕಾಗದದ ಸುದ್ದಿ ಆಗಲೇ ಕಣಿವೆ ತುಂಬ ಹಬ್ಬಿತ್ತು. ಜೇಬಿನಿಂದ ಮಾಟೆ ಎಂಬ ಕಹಿ ಎಲೆಯ ಕಷಾಯದ ಸೋರೆಬುರುಡೆ ತೆಗೆದು, ಫ್ಲಾಸ್ಕಿನಿಂದ ಬಿಸಿನೀರು ಹೊಯ್ದು, ಹೀರುವ ಕೊಳವೆಯನ್ನು ಇವನ ಕಡೆ ತಿರುಗಿಸಿ ಕೊಟ್ಟ. ಇಥೆಲ್ ಹೀರಿದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳು, ಮೊದಲು ಪೀಠಿಕೆ, ಆಮೇಲೆ ಕಾರಣ, ಕೊನೆಗೆ ತಪ್ಪೊಪ್ಪಿಗೆ, ಎಲ್ಲ ಗಾಳಿಗೆ ಹಾರಿಹೋಗಿ ಕೊನೆಯದೊಂದು ಮಾತ್ರ ಉಳಿದಿತ್ತು.

"ಆ ವರ್ಷದ ಕಾಲುವೆ ಪದ್ಯ," ಎಂದ. "ಜೊಂಡು. ಅದು ನಿಂದು ಅಂತ ನಂಗೊತ್ತಿತ್ತು, ಕಾದ್ವಾನ್. ಗೊತ್ತಿದ್ದೇ ಪೀಠ ತಪ್ಪಿಸಿದೆ. ಅದು ಗೆಲ್ಲೋ ಪದ್ಯ."

ಕಾದ್ವಾನ್ ಬುರುಡೆಯನ್ನು ವಾಪಸು ಇಸಿದುಕೊಂಡ. ಆಮೇಲೆ ಹೆಗಲು ಕುಲುಕಿಸಿ ನಗತೊಡಗಿದ. "ನಂದಾ? ಲೋ, ಹಿಟ್ಟಿನ ಚೀಲದ ಮೇಲೆ ಹೆಸರು ಬರೀಬೇಕಂದ್ರೆ ನಂಗೆ ಬೆವರು ಬರತ್ತೆ. ಪದ್ಯ ನಮ್ಮ ಕುದುರೆ ಬರೆದೀತು, ನಾನು ಬರೀತೀನಾ?"

"ಮತ್ತೆ ಕೂಸು ಹಾಲು ಕುಡಿದ ಹಾಗೆ ಅಂತ ನೀನೇ ಅಂದಿದ್ಯಲ್ಲೋ, ಇಲ್ಲೇ ನಿಂತ್ಕೊಂಡು."

"ಅಂದಿರ್ತೀನಿ. ಅವಳು ಹೇಳಿದ್ದು ಕೇಳಿ ಅಂದಿರ್ತೀನಿ. ಅದು ನೆಸ್ಟಾದು ಕಣೋ."

ನೀರು ತೂಬಿನ ಹಲಗೆಯ ಕೆಳಗಿನಿಂದ ಕಸಕಡ್ಡಿಯನ್ನು ಮುಂದೆ ತಳ್ಳಿಕೊಂಡು ಬರುತ್ತಿತ್ತು. ಇಥೆಲ್ ಅದನ್ನೇ ನೋಡಿದ. ಕಿಟಕಿಯ ಹತ್ತಿರ ನಿಂತ ಹೆಂಗಸು. ಮೊಲೆಗೆ ಬಾಯಿಟ್ಟ ಕೂಸು. ಇಪ್ಪತ್ತೆಂಟು ವರ್ಷ ಟ್ರಂಕಿನಿಂದ ತೆಗೆದು ತೆಗೆದು ಓದಿದ್ದ. ಪ್ರತಿ ಸಾಲಿನಲ್ಲೂ ಕಾದ್ವಾನ್‌ನನ್ನು ಹುಡುಕಿದ್ದ. ಹೆಣ್ಣಿನ ಮೈಯೊಳಗಿನಿಂದ ಹೊರಟ ಮಾತು ಕಣ್ಣೆದುರಿಗೇ ಇದ್ದರೂ ಕಂಡಿರಲಿಲ್ಲ. ಓದಲು ಬರುವುದು ತನಗೊಬ್ಬನಿಗೇ ಎಂದುಕೊಂಡಿದ್ದ ಮನುಷ್ಯ. ಮುಖ ಬಿಸಿಯಾಯಿತು. ಕಾದ್ವಾನನ ನಗು ಅಷ್ಟರಲ್ಲಿ ನಿಂತಿತ್ತು. ಅವನಿಗೂ ಏನೋ ಮೆಲ್ಲಗೆ ಅರ್ಥವಾಗುತ್ತಿರುವಂತೆ ಹುಬ್ಬು ಕೂಡಿತು. ತೀರ್ಪು ಓದಿದ ದಿನ ಗಾಡಿಯಲ್ಲಿ ವಾಪಸು ಬರುವಾಗ ಅವಳು ಒಂದು ಮಾತೂ ಆಡಲಿಲ್ಲ ಎಂದ. ಕೈಬರಹ ಗುರುತಾಗದಿರಲೆಂದು ಪದ್ಯವನ್ನು ಅವಳ ಅಕ್ಕನ ಕೈಯಲ್ಲಿ ನಕಲು ಮಾಡಿಸಿ, ಲಕೋಟೆಯನ್ನು ಕೊಟ್ಟುಬಂದಿದ್ದು ತಾನೇ ಎಂದ. ನಂಗೆ ಅದರ ಬೆಲೆ ತಿಳಿಯೋದಿಲ್ಲ, ನೀನು ಹೇಳಿದ್ದೇ ಸರಿ ಇರಬೇಕು ಅಂದುಕೊಂಡೆ, ಅವಳೂ ಹಾಗೇ ಅಂದುಕೊಂಡಳು ಎಂದ. ಗುದ್ದಲಿಯಿಂದ ಒಂದು ಹೆಂಟೆ ಒಡೆದು, ತಲೆಯೆತ್ತದೆ ಹೇಳಿದ.

"ನನಗೆ ಅಂತ ನೀನು ಕಲ್ಲು ಬೀಸಿದೆ. ಅದು ಹೋಗಿ ಅವಳಿಗೆ ಬಿತ್ತು."

"ಅವಳಿಗೆ ಹೇಳೋದು ಹೇಗೆ, ಕಾದ್ವಾನ್?"

"ನನ್ನ ಕೇಳ್ಬೇಡ. ನಾನಂತೂ ಇದನ್ನ ಹೊತ್ಕೊಂಡು ಹೋಗಲ್ಲ. ಚಾ ಹೊತ್ತಾಯ್ತು, ನಡಿ."

ಮನೆಯ ದಾರಿ ಇನ್ನೂರು ಹೆಜ್ಜೆಯೂ ಇರಲಿಲ್ಲ. ಸೈಕಲ್ಲನ್ನು ತಳ್ಳಿಕೊಂಡು ಹೋಗುವಾಗ ಇಥೆಲ್‌ಗೆ ಓಡಿಹೋಗುವ ಒಂದು ಯೋಚನೆ ಹೊಳೆಯಿತು. ಹೊಟ್ಟೆನೋವು ಎನ್ನಬಹುದಿತ್ತು, ಮಾತ್ರೆ ಮರೆತು ಬಂದೆ ಎನ್ನಬಹುದಿತ್ತು. ಕಾದ್ವಾನ್‌ಗೆ ಹೇಳಲು ಬಂದಾಗ ಅವನೊಳಗೆ, ಭಯದ ಜೊತೆ, ಒಂದು ಬಗೆಯ ಹಿರಿಮೆಯೂ ಇತ್ತೆಂದು ಈಗ ಅವನಿಗೆ ಕಂಡಿತು. ಗಂಡಸಿನ ಎದುರು ಗಂಡಸು ತಪ್ಪೊಪ್ಪಿಕೊಳ್ಳುವುದು, ಕೈ ಕುಲುಕುವುದು, ಬಹುಶಃ ಇಬ್ಬರ ಕಣ್ಣಲ್ಲೂ ನೀರು. ಆ ದೃಶ್ಯವನ್ನು ಅವನು ಸೈಕಲ್ಲಿನ ಮೇಲೆ ಎಷ್ಟು ಸಲ ಆಡಿ ನೋಡಿದ್ದ! ಅದರಲ್ಲಿ ನೆಸ್ಟಾ ಎಲ್ಲೋ ಹಿಂದೆ, ಬಟ್ಟಲು ಇಡುತ್ತ ಸುಳಿದಾಡುತ್ತಿದ್ದಳು.

ಅವಳು ಬಟ್ಟಲು ಇಡುತ್ತಲೇ ಇದ್ದಳು. ಬನ್ನಿ ಮೇಷ್ಟ್ರೇ ಎಂದು ಕರೆದು ಕುರ್ಚಿಯ ಮೇಲಿನ ಬಟ್ಟೆಗಳನ್ನು ಎತ್ತಿಕೊಂಡಳು. ಅವಳು ಮದುವೆಯಾದಂದಿನಿಂದ ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ. ಮೇಜಿನ ಮೇಲೆ ಬ್ರೆಡ್ಡು, ಬೆಣ್ಣೆ, ಮನೆಯಲ್ಲೇ ಮಾಡಿದ ಚೀಸು, ಪ್ಲಮ್ ಜಾಮು, ತೆಳ್ಳಗೆ ಕೊಯ್ದ ಕಪ್ಪು ಕೇಕು. ಮೇಜಿನ ತುದಿಯಲ್ಲಿ ಹಿರಿಮಗಳು ನೋರ್ಮಾಳ ಮಗಳು ಅಲಿಸಿಯಾ, ಎಂಟು ವರ್ಷದವಳು, ಮೊಣಕಾಲೂರಿ ಕುರ್ಚಿಯ ಮೇಲೆ ಕೂತು ಹಡಗಿನ ಚಿತ್ರಕ್ಕೆ ಬಣ್ಣ ಹಾಕುತ್ತಿದ್ದಳು. ಶಾಲೆಯಲ್ಲಿ ನೂರು ವರ್ಷದ ಹಬ್ಬಕ್ಕೆ ಎಲ್ಲರಿಗೂ ಹಡಗು ಬರೆಯಲು ಹೇಳಿದ್ದಾರೆ ಎಂದು ಅಜ್ಜಿಗೆ ಸ್ಪ್ಯಾನಿಷಿನಲ್ಲಿ ವಿವರಿಸುತ್ತಿದ್ದಳು. ಆ ಹಡಗಿನವರು ಯಾವ ಭಾಷೆ ಮಾತಾಡುತ್ತಿದ್ದರು ಎಂದು ಟೀಚರು ಕೇಳಿದಾಗ ತಾನೊಬ್ಬಳೇ ಕೈಯೆತ್ತಿದ್ದಾಗಿ ಹೇಳಿದಳು. ಬಾ ಎಂದು ಟೀಚರು ಕರೆದು ಒಂದು ಪದ ಹೇಳು ಎಂದರಂತೆ, ಇವಳಿಗೆ ಬರಲಿಲ್ಲವಂತೆ. ನೆಸ್ಟಾ ಅವಳ ತಲೆ ಸವರಿ, ಚಾ ಬಸಿದಳು. ಕಾದ್ವಾನ್ ಯಾರೂ ಕೇಳದಿದ್ದರೂ ಚೀಸನ್ನು ಕೊಯ್ಯುತ್ತ ಹೋದ. ತುಂಡುಗಳು ತಟ್ಟೆಯ ಅಂಚು ಮೀರಿ ಮೇಜಿನ ಬಟ್ಟೆಯ ಮೇಲೆ ಬಿದ್ದವು.

ಸಮಿತಿಯವರು ಮತ್ತೆ ನಿಮ್ಮನ್ನೇ ತೀರ್ಪಿಗೆ ಕೇಳಿದ್ದಾರಂತೆ, ಒಳ್ಳೇದಾಯಿತು ಎಂದು ನೆಸ್ಟಾಳೇ ಮಾತು ತೆಗೆದಳು. ಅವಳ ದನಿಯಲ್ಲಿ ಚುಚ್ಚು ಇದೆಯೇ ಎಂದು ಇಥೆಲ್ ಹುಡುಕಿದ, ಇರಲಿಲ್ಲ. ಅವಳು ನಿಜವಾಗಿಯೂ ಸಂತೋಷದಿಂದ ಹೇಳಿದ್ದಳು. ಅವನು ಬ್ರೆಡ್ಡನ್ನು ತಟ್ಟೆಯಲ್ಲಿಟ್ಟ. ನೀನೇ ಜೊಂಡು ಎಂದು ಈಗ ತಾನೇ ಕಾದ್ವಾನ್ ಹೇಳಿದ, ನನಗೆ ಗೊತ್ತಿರಲಿಲ್ಲ ಎಂದು ಹೇಗೋ ಹೇಳಿದ. ಅವಳ ಕತ್ತಿನಿಂದ ಮೇಲಕ್ಕೆ ಕೆಂಪು ಹತ್ತಿತು. ಅರವತ್ತಕ್ಕೆ ಹತ್ತಿರವಾದ ಮುಖದಲ್ಲಿ, ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗಿಯ ನಾಚಿಕೆ. ಗಂಡನ ಕಡೆ ಒಮ್ಮೆ ನೋಡಿ, ಅದನ್ನೆಲ್ಲ ಈಗ ಯಾಕೆ ತೆಗೆದಿರಿ, ಆವಾಗ ಏನೋ ಹುಚ್ಚು ಎಂದಳು.

"ನೀವು ಅವತ್ತು ಓದಿದ್ದು ನಂಗೆ ಬಾಯಿಗೇ ಬರತ್ತೆ, ಮೇಷ್ಟ್ರೇ," ಎಂದಳು ಆಮೇಲೆ, ನಗಲು ನೋಡುತ್ತ. "ಹೇಳ್ಲಾ? 'ಜೊಂಡುವಿಗೆ ಕಿವಿಯಿದೆ, ಭಾಷೆಯಿಲ್ಲ. ಇದು ಅಡುಗೆಮನೆಯ ವೆಲ್ಷ್. ಪರಭಾಷೆಯ ಮಸಿ ಹತ್ತಿದ ವೆಲ್ಷ್. ಇಂಥದ್ದನ್ನು ನಮ್ಮ ಮಕ್ಕಳ ಬಾಯಿಗೆ ಕೊಟ್ಟರೆ, ಎರಡು ತಲೆಮಾರಿನಲ್ಲಿ ಈ ಭಾಷೆ ಇರುವುದಿಲ್ಲ.'"

ಒಂದು ಅಕ್ಷರವೂ ತಪ್ಪಿರಲಿಲ್ಲ. ಎಲ್ಲೆಲ್ಲಿ ಪದದ ಮೊದಲಕ್ಷರ ಬದಲಾಗಬೇಕೋ ಅಲ್ಲೆಲ್ಲ ಬದಲಾಗಿತ್ತು.

"ಕೊಡ್ಲಿಲ್ಲ ನಾನು," ಎಂದಳು. "ನೋರ್ಮಾಗೆ ಆಗ ಎರಡು ವರ್ಷ. ಮಾರನೇ ದಿನ ಬೆಳಿಗ್ಗೆ ಎದ್ದು ಬಂದು ಹಾಲು ಕೇಳ್ತು. ನಮ್ಮ ಭಾಷೇಲೇ ಕೇಳ್ತು. ನಂಗೆ ಬಾಯಿ ತೆರೆಯೋಕೆ ಹೆದರಿಕೆ ಆಯ್ತು. ಏನು ತಪ್ಪು ಕಲಿಸ್ಬಿಡ್ತೀನೋ ಅಂತ. ಸ್ಪ್ಯಾನಿಷಲ್ಲಿ ಹೇಳ್ದೆ. ಅದಾದ್ರೆ ಹೇಗೂ ನಮ್ದಲ್ಲ, ತಪ್ಪಾದ್ರೂ ಯಾರೂ ಬೈಯಲ್ಲ. ಆಮೇಲೆ ಹುಟ್ಟಿದ ಮೂವರಿಗೂ ಕೊಡ್ಲಿಲ್ಲ. ನೀವು ಚಾಪೆಲಲ್ಲಿ ಬೈದಾಗ ಎದ್ದು ಹೇಳೋಣ ಅನ್ನಿಸ್ತು, ನೀವು ಹೇಳಿದ ಹಾಗೇ ಮಾಡಿದ್ದೀನಲ್ಲ ಅಂತ. ಹೇಳೋಕೂ ಆ ಭಾಷೇಲೇ ಹೇಳ್ಬೇಕಲ್ಲ. ಸುಮ್ನಾದೆ."

ಇಥೆಲ್ ಕೋಟಿನ ಒಳಜೇಬಿನಿಂದ ಹಾಳೆಗಳನ್ನು ತೆಗೆದ. ಅವುಗಳನ್ನು ಬಟ್ಟಲುಗಳ ನಡುವೆ ಇಟ್ಟ. ನೆಸ್ಟಾ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಅಕ್ಕನ ಕೈಬರಹವನ್ನು ಗುರುತು ಹಿಡಿದು, ಸತ್ತವರ ಹೆಸರು ಹಿಡಿದು ಕರೆದಂತೆ ಅಕ್ಕನ ಹೆಸರನ್ನು ಒಮ್ಮೆ ಉಸುರಿದಳು. ತನ್ನ ಹತ್ತಿರ ಇದ್ದದ್ದನ್ನು ಆ ವಾರವೇ ಒಲೆಗೆ ಹಾಕಿದ್ದಳಂತೆ. ಕನ್ನಡಕ ಎಲ್ಲಿಟ್ಟಿದ್ದಾಳೋ ಹುಡುಕದೆ, ಹಾಳೆಯನ್ನು ದೂರ ಹಿಡಿದು, ತುಟಿ ಅಲುಗಿಸುತ್ತ ಓದಿದಳು. ಇಥೆಲ್ ಅವಳ ತುಟಿಗಳನ್ನೇ ನೋಡುತ್ತಿದ್ದ. ಯಾವ ಸಾಲಿನಲ್ಲಿದ್ದಾಳೆಂದು ಅವನಿಗೆ ಗೊತ್ತಾಗುತ್ತಿತ್ತು. ಎರಡನೆಯ ಹಾಳೆಯ ನಡುವೆ ತುಟಿಗಳು ನಿಂತವು.

"ಇದೇನು ಪೆನ್ಸಿಲಲ್ಲಿ?"

"ನಾನು ಬರೆದದ್ದು. ಮೊದಲ ಸಲ ಓದಿದಾಗ."

"ಇದೇ, ಅಂತಿದೆ."

"ಹೂಂ. ಇದೇ ಗೆಲ್ಲಬೇಕಾದ್ದು ಅಂತ. ಆಮೇಲೆ ಇದು ಕಾದ್ವಾನಂದು ಅನ್ನಿಸ್ತು. ಇವನಿಗೆ ಹ್ಯಾಗೆ ಬಂತು, ನಂಗ್ಯಾಕೆ ಬರಲಿಲ್ಲ ಅಂತ ಹೊಟ್ಟೆ ಉರೀತು. ತಪ್ಪು ಹುಡುಕಿದೆ. ಅವತ್ತು ಓದಿದ್ದೆಲ್ಲ ಸುಳ್ಳು, ನೆಸ್ಟಾ."

ಕಾದ್ವಾನ್ ಚಾಕುವನ್ನು ಕೆಳಗಿಟ್ಟ. ಅಲಿಸಿಯಾ ನೀಲಿ ಬಣ್ಣದ ಕಡ್ಡಿಯನ್ನು ಬಾಯಲ್ಲಿ ಕಚ್ಚಿಕೊಂಡು ದೊಡ್ಡವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಅವಳಿಗೆ ಮಾತು ತಿಳಿಯದಿದ್ದರೂ ಅದರ ತೂಕ ತಿಳಿದಿತ್ತು. ಅವಳ ಬಾಯಿಂದ ಕಡ್ಡಿಯನ್ನು ನೆಸ್ಟಾ ಮೆತ್ತಗೆ ತೆಗೆದಳು. ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿದಳು. ಒಮ್ಮೆ ಕೂಡಿಸಿದ ಮೇಲೂ ಮತ್ತೆ ಕೂಡಿಸಿದಳು. ಇಥೆಲ್ ಕಾಯುತ್ತಿದ್ದ. ಅವಳು ಅತ್ತರೆ ಏನು ಮಾಡಬೇಕು, ಬೈದರೆ ಏನು ಮಾಡಬೇಕು ಎಂದು ಎರಡಕ್ಕೂ ಅವನು ಸಿದ್ಧನಿದ್ದ.

"ಅದು ನಿಜ ಅಂದ್ಕೊಂಡೇ ಇಷ್ಟು ವರ್ಷ ಕಳೆದೆ," ಎಂದಳು. "ಮೇಷ್ಟ್ರು ನಿಷ್ಠುರದ ಮನುಷ್ಯ, ಆದ್ರೆ ನಿಜ ಹೇಳಿದ್ರು ಅಂತ. ಮಕ್ಕಳು ನಂಗೆ ಅರ್ಥ ಆಗದ ಹಾಗೆ ಬೇಗ ಬೇಗ ಸ್ಪ್ಯಾನಿಷಲ್ಲಿ ಮಾತಾಡ್ಕೊಂಡು ನಗ್ತಾರಲ್ಲ, ಆವಾಗ ಅದೊಂದು ಸಮಾಧಾನ ಇರ್ತಿತ್ತು. ನಿಜಕ್ಕೆ ತಲೆ ಬಾಗಿದ್ದೀನಿ ಅಂತ. ಈಗ ಅದನ್ನೂ ತಗೊಂಡ್ರಿ."

ಅವನು ಕ್ಷಮೆಯ ಮಾತು ತೆಗೆದ. ಅವಳು ಕೈಯೆತ್ತಿ ತಡೆದಳು. "ಬೇಡ. ಕೇಳಿದ್ರೆ ನಾನು ಆಯ್ತು ಅಂದ್ಬಿಡ್ತೀನಿ. ನಮ್ಗೆ ಚಾಪೆಲಲ್ಲಿ ಕಲಿಸಿರೋದು ಅದೊಂದೇ."

ಆಗ ಇಥೆಲ್ ಬಡಬಡನೆ ಮಾತಾಡತೊಡಗಿದ. ಉತ್ಸವದ ದಿನ ವೇದಿಕೆ ಹತ್ತಿ ಎಲ್ಲವನ್ನೂ ಹೇಳಿಬಿಡುತ್ತೇನೆ, ಹಳೆಯ ನಾಡಿನವರ ಎದುರಿಗೇ ಹೇಳುತ್ತೇನೆ, ಆ ಪದ್ಯವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ, ಮನೆಯಲ್ಲಿರುವ ಪೀಠವನ್ನು ಗಾಡಿಯಲ್ಲಿ ಹಾಕಿಕೊಂಡು ಇಲ್ಲಿಗೇ ತಂದು ಇಳಿಸುತ್ತೇನೆ. ಹೇಳುತ್ತ ಹೇಳುತ್ತ ಅವನ ದನಿ ಏರಿತು, ವಾಕ್ಯಗಳು ತಾವಾಗಿಯೇ ಲಯ ಹಿಡಿದವು. ನೆಸ್ಟಾ ಅವನು ಮುಗಿಸುವವರೆಗೂ ಕೇಳಿದಳು.

"ಅಲ್ಲೂ ನೀವೇ ನಿಂತ್ಕೊಂಡು ಮಾತಾಡೋದಾ, ಮೇಷ್ಟ್ರೇ?"

ಅಷ್ಟು ಮೆಲ್ಲಗೆ ಕೇಳಿದ್ದಳು. ಕಾದ್ವಾನ್ ಎದ್ದು, ಕುಂಟುತ್ತ ಹೋಗಿ ಒಲೆಗೆ ಸೌದೆ ಒಟ್ಟತೊಡಗಿದ; ಬೆನ್ನು ಇವರ ಕಡೆಗಿತ್ತು, ಏಳಲು ಬಹಳ ಹೊತ್ತು ಹಿಡಿಯಿತು. ಏನೋ ಗೊಣಗಿದ. ತನಗೂ ಕೇಳಬೇಕು ಅನ್ನಿಸಿತ್ತು, ಯಾಕೆ ಮಕ್ಕಳ ಜೊತೆ ಹೀಗೆ ಮಾತಾಡ್ತೀಯ ಅಂತ, ಶಾಲೆಗೆ ಅನುಕೂಲ ಆಗಲಿ ಅಂತಿರಬೇಕು ಅಂದುಕೊಂಡು ಸುಮ್ಮನಾದೆ, ಎಂಬಂಥ ಮಾತು. ನೆಸ್ಟಾ ಹಾಳೆಗಳನ್ನು ನಾಲ್ಕಾಗಿ ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಸಮಿತಿಗೆ ಆಗುವುದಿಲ್ಲವೆಂದು ಬರೆಯುತ್ತೇನೆ ಎಂದ ಇಥೆಲ್. ಅದು ನಿಮ್ಮಿಷ್ಟ ಎಂದಳು. ಇನ್ನೊಂದು ಬಟ್ಟಲು ಚಾ ಬೇಕೇ ಎಂದು ಅವಳು ಕೇಳಲಿಲ್ಲ. ಈ ಕಣಿವೆಯಲ್ಲಿ ಯಾವ ಮನೆಯಲ್ಲೂ ಒಂದೇ ಬಟ್ಟಲಿಗೆ ಯಾರನ್ನೂ ಎಬ್ಬಿಸುವುದಿಲ್ಲ. ಅವನು ಟೋಪಿ ತೆಗೆದುಕೊಂಡು ಎದ್ದ. ಕುರ್ಚಿಯ ಕಾಲು ನೆಲಕ್ಕೆ ತಿಕ್ಕಿ ಅಸಹ್ಯವಾಗಿ ಕಿರುಗುಟ್ಟಿತು. ಕಾದ್ವಾನ್ ಒಲೆಯ ಹತ್ತಿರದಿಂದಲೇ ಕೈಯೆತ್ತಿದ. ಬಾ ಎಂದೂ ಅಲ್ಲ, ಹೋಗು ಎಂದೂ ಅಲ್ಲ.

ಹೊರಬಾಗಿಲು ತೆಗೆದ ಕೂಡಲೇ ಗಾಳಿ ಧೂಳನ್ನು ಮುಷ್ಟಿ ಮುಷ್ಟಿಯಾಗಿ ಒಳಗೆಸೆಯಿತು. ಮೇಜಿನ ಮೇಲಿದ್ದ ಹಡಗು ಎದ್ದು ನೆಲಕ್ಕೆ ಬಿತ್ತು. ಅಲಿಸಿಯಾ ಕೆಳಗಿಳಿದು ಅದನ್ನು ಹಿಡಿದುಕೊಂಡಳು. ಇಥೆಲ್ ಮೆಟ್ಟಿಲ ಮೇಲೆ ನಿಂತು, ಏನಾದರೂ ಹೇಳಿ ಹೋಗಬೇಕೆಂದು ಹಿಂದಕ್ಕೆ ತಿರುಗಿದ. ನೆಸ್ಟಾ ಅವನನ್ನು ನೋಡುತ್ತಿರಲಿಲ್ಲ. ಮೊಮ್ಮಗಳನ್ನು ನೋಡುತ್ತಿದ್ದಳು. ಆಮೇಲೆ, ವೆಲ್ಷಿನಲ್ಲಿ, ಬಾಗಿಲು ಹಾಕು ಮಗಳೇ, ಧೂಳು ಬರ್ತಿದೆ ಎಂದಳು.

ಹುಡುಗಿ ನಕ್ಕು, ಏನಜ್ಜಿ ಎಂದು ಸ್ಪ್ಯಾನಿಷಿನಲ್ಲಿ ಕೇಳಿದಳು. ಅಜ್ಜಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡಂತಿತ್ತು. ಅಜ್ಜಿಯ ಮುಖ ನೋಡಿ ಅವಳ ನಗು ಅರ್ಧಕ್ಕೇ ನಿಂತಿತು. ನೆಸ್ಟಾಳ ವಾಕ್ಯದಲ್ಲಿ ಒಂದು ಅಕ್ಷರ ಬದಲಾಗಬೇಕಿತ್ತು, ಬದಲಾಗಿರಲಿಲ್ಲ. ಇಥೆಲ್‌ಗೆ ಅದು ಕೇಳಿಸಿತು. ಐವತ್ತು ವರ್ಷದ ಅಭ್ಯಾಸಕ್ಕೆ ಅದು ಕೇಳಿಸದೆ ಇರಲು ಸಾಧ್ಯವಿರಲಿಲ್ಲ. ಮೆಟ್ಟಿಲ ಮೇಲಿಂದಲೇ ಅವನು ಹುಡುಗಿಗೆ ಅರ್ಥ ಹೇಳಲು ಬಾಯಿ ತೆರೆದ.

"ನೀವು ಹೇಳ್ಕೊಡ್ಬೇಡಿ," ಎಂದಳು ನೆಸ್ಟಾ.

ಮತ್ತೆ ಅದೇ ಮಾತನ್ನು ಹೇಳಿದಳು. ಕೈ ತೋರಿಸಲಿಲ್ಲ, ಕಣ್ಣಿನಲ್ಲೂ ತೋರಿಸಲಿಲ್ಲ. ಮೊದಲಿಗಿಂತ ನಿಧಾನ, ಒಂದೊಂದು ಪದವನ್ನೂ ಬಿಡಿಯಾಗಿ ಇಟ್ಟು, ಅದೇ ತಪ್ಪಿನ ಸಮೇತ. ಹುಡುಗಿ ಹಡಗನ್ನು ಎದೆಗೆ ಒತ್ತಿಕೊಂಡು ಅಜ್ಜಿಯ ಬಾಯನ್ನೇ ನೋಡಿದಳು. ಆಮೇಲೆ ನೆಲದ ಮೇಲೆ ಹರಡುತ್ತಿದ್ದ ಧೂಳನ್ನು ನೋಡಿದಳು, ತೆರೆದ ಬಾಗಿಲನ್ನು ನೋಡಿದಳು, ಅದರಲ್ಲಿ ಟೋಪಿ ಹಿಡಿದು ನಿಂತ ಮುದುಕನನ್ನು ನೋಡಿದಳು. ಅವಳ ಮುಖದಲ್ಲಿ ಏನೋ ಹತ್ತಿಕೊಂಡಿತು. ಓಡಿಬಂದು, ಅವನ ಕಡೆ ನಾಚಿಕೆಯಿಂದ ಒಮ್ಮೆ ನಕ್ಕು, ಎರಡೂ ಕೈಯಿಂದ ತಳ್ಳಿ ಬಾಗಿಲು ಹಾಕಿದಳು.